ಗಂಭೀರ ಮನುಷ್ಯರ ನಗೆಮಾತು

ನಮ್ಮ ಮನೆಯಲ್ಲಿ ನಗುವುದಕ್ಕೆ ಅಂತಲೇ ಒಂದು ಜಾಗವಿತ್ತು. ಅದು ಅಡಿಗೆಮನೆ. ಸನತ್‌ನಗರದ ಫ್ಯಾನಿನ ಕಾರ್ಖಾನೆಯವರು ಕೆಲಸಗಾರರಿಗೆ ಕೊಟ್ಟಿದ್ದ ಸಾಲುಮನೆಗಳಲ್ಲಿ ನಮ್ಮದು ಕೊನೆಯದು. ಮುಂದೆ ಒಂದು ಕೋಣೆ, ಹಿಂದೆ ಅಡಿಗೆಮನೆ, ಅದರಾಚೆ ಬಚ್ಚಲು. ಮುಂದಿನ ಕೋಣೆ ಅಪ್ಪನದು. ಅಲ್ಲಿ ಅವರ ಮಂಚ, ಅವರ ಕುರ್ಚಿ, ಅವರ ರೇಡಿಯೋ, ಗೂಟಕ್ಕೆ ಅವರ ಅಂಗಿ. ನಾನೂ ಅವ್ವನೂ ಅಲ್ಲಿ ಕಸ ಗುಡಿಸುತ್ತಿದ್ದೆವು, ರಾತ್ರಿ ಹಾಸಿಕೊಂಡು ಮಲಗುತ್ತಿದ್ದೆವು, ಆದರೆ ಅಲ್ಲಿ ನಗುತ್ತಿರಲಿಲ್ಲ. ಅಪ್ಪನಿಗೆ ನಗು ಆಗುತ್ತಿರಲಿಲ್ಲ ಅಂತಲ್ಲ, ಮನೆಯವರ ನಗು ಆಗುತ್ತಿರಲಿಲ್ಲ. ಸ್ನಾನ, ವಿಭೂತಿ, ಪೂಜೆ ಮುಗಿಸಿ ಅವರೊಬ್ಬರೇ ಮೊದಲು ಉಣ್ಣಲು ಕೂರುತ್ತಿದ್ದರು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ತಾಟಿಗೆ ಬೀಳುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಕಾರ್ಖಾನೆಯಲ್ಲಿ ಅವರದು ತಪಾಸಣೆ ವಿಭಾಗ. ತಯಾರಾದ ಫ್ಯಾನನ್ನು ತಿರುಗಲು ಬಿಟ್ಟು, ಕಣ್ಣು ಮುಚ್ಚಿ ಅದರ ಸದ್ದು ಕೇಳಿ, ಪಾಸೋ ನಪಾಸೋ ಹೇಳುವುದು. ಮನೆಯಲ್ಲೂ ಅವರು ಹಾಗೇ ಇದ್ದರು. ಊಟವಾದ ಮೇಲೆ ಗೋಡೆಗೆ ಹತ್ತಿಸಿದ ಮಂಚದ ಮೇಲೆ ಕಣ್ಣು ಮುಚ್ಚಿ ಮಲಗುತ್ತಿದ್ದರು. ಗೋಡೆಯ ಆಚೆ ಅಡಿಗೆಮನೆ. ಗಾಳಿಯಾಡಲಿ ಅಂತ ಗೋಡೆಯ ಮೇಲ್ತುದಿಗೆ ಸಿಮೆಂಟಿನ ಜಾಲಿ ಇಟ್ಟಿದ್ದರು. ಅದರಿಂದ ಗಾಳಿಯೇನೂ ಬರುತ್ತಿರಲಿಲ್ಲ, ಮಾತು ಹೋಗುತ್ತಿತ್ತು.

ಅಡಿಗೆಮನೆಯಲ್ಲಿ ಅವ್ವ ಬೇರೆಯೇ ಹೆಂಗಸು. ಕಲಬುರಗಿಯ ಕಡೆಯ ಹಳ್ಳಿಯಿಂದ ಮದುವೆಯಾಗಿ ಹೈದರಾಬಾದಿಗೆ ಬಂದವಳು, ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು. ತೆಲುಗು ಅಷ್ಟಕ್ಕಷ್ಟೆ, ಹಿಂದಿ ಮಾತಾಡುತ್ತಿದ್ದಳು, ಓದಲು ಬರುತ್ತಿರಲಿಲ್ಲ. ಆದರೆ ಅವಳ ಬಾಯಲ್ಲಿ ಬಂದದ್ದು ಬಂದ ಹಾಗೆ ಉಳಿಯುತ್ತಿರಲಿಲ್ಲ, ಒಂದು ತಿರುವು ಪಡೆದೇ ಹೊರಗೆ ಬೀಳುತ್ತಿತ್ತು. ನಮ್ಮ ಸಾಲಿಗೆಲ್ಲ ಒಂದೇ ನಳ. ಅದರಲ್ಲಿ ನೀರು ಯಾವಾಗ ಬರುತ್ತದೆ ಅಂತ ಯಾರಿಗೂ ಗೊತ್ತಿಲ್ಲ. ಕೊಡ ಸಾಲಿಗಿಟ್ಟು ಕೂತ ಹೆಂಗಸರ ಮುಂದೆ ಅವ್ವ ಒಮ್ಮೆ ನಿಟ್ಟುಸಿರು ಬಿಟ್ಟು ಹೇಳಿದ್ದಳು:

"ನಮ್ಮ ನಳಕ್ಕ ಅಳಿಯನ ಸ್ವಭಾವ ಐತಿ ನೋಡ್ರಿ. ಯಾವಾಗ ಬರ್ತೈತಿ ಹೇಳಂಗಿಲ್ಲ. ಬಂತಂದ್ರ ಮನಿಮಂದಿಯೆಲ್ಲ ಎದ್ದು ನಿಂದರಬೇಕು. ಸಿಟ್ಟು ಮಾಡ್ಕೊಂಡು ಹೋತಂದ್ರ ಮೂರು ದಿನ ಈ ಕಡಿ ಮಾರಿ ಹಾಕಂಗಿಲ್ಲ."

ಹೆಂಗಸರು ಕೊಡ ಬಿಟ್ಟು ನಕ್ಕಿದ್ದರು. ಸಂಜೆ ಅಡಿಗೆಮನೆಯಲ್ಲಿ ಅದನ್ನೇ ನನಗೂ ಆಡಿ ತೋರಿಸಿದ್ದಳು. ಪಕ್ಕದ ಮನೆಯವರು ದಿನವೂ ಸಕ್ಕರೆ ಕೇಳಿಕೊಂಡು ಬರುತ್ತಿದ್ದುದಕ್ಕೆ, "ಆ ಸಕ್ರಿ ಡಬ್ಬಿ ಅವರದs ಆಗಿ ಭಾಳ ವರ್ಷ ಆತು, ಜಾಗ ಇಲ್ಲಂತ ನಮ್ಮನ್ಯಾಗ ಇಟ್ಟಾರ" ಅನ್ನುತ್ತಿದ್ದಳು. ನೆಂಟರು ರೊಟ್ಟಿ ಎಷ್ಟು ತೆಳ್ಳಗಾಗಿವೆ ಅಂತ ಹೊಗಳಿದರೆ ಒಳಗೆ ಬಂದು ನನ್ನ ಮುಂದೆ, "ತೆಳ್ಳಗಾಗದ ಏನ್ಮಾಡ್ಯಾವು, ಹಿಟ್ಟs ಇರಲಿಲ್ಲ" ಅಂತಿದ್ದಳು. ಅಷ್ಟು ಫ್ಯಾನುಗಳನ್ನು ಪಾಸು ಮಾಡುವವರ ಮನೆಯಲ್ಲಿದ್ದ ಒಂದೇ ಫ್ಯಾನು ಮುಂದಿನ ಕೋಣೆಯಲ್ಲಿ ತೆವಳುತ್ತ ತಿರುಗುತ್ತಿತ್ತು. "ಅದು ತಿರಗಂಗಿಲ್ಲ ಯವ್ವಾ, ಅದರ ಕೆಳಗ ನಾವs ತಿರಗಬೇಕು" ಅಂತ ಅವ್ವ ಅಡಿಗೆಮನೆಯಲ್ಲಿ ಸೆರಗು ಬೀಸುತ್ತ ಒಂದು ಸುತ್ತು ತಿರುಗಿ ತೋರಿಸಿದ್ದಳು. ನಾನು ಬಾಯಿಗೆ ಲಂಗದ ತುದಿ ತುರುಕಿಕೊಂಡು ನಕ್ಕಿದ್ದೆ. ಗೋಡೆಯಾಚೆ ಮಂಚ ಕಿರ್ ಅಂದಿತ್ತು. ಅಪ್ಪ ಮಗ್ಗುಲು ಬದಲಿಸಿದರು ಅಂದುಕೊಂಡೆವು.

ಆ ದಿನಗಳಲ್ಲಿ ನನಗೆ ಕಾಮಿಕ್ಸಿನ ಹುಚ್ಚು. ಬಸ್ ನಿಲ್ದಾಣದ ಪಕ್ಕದ ಡಬ್ಬಾ ಅಂಗಡಿಯಲ್ಲಿ ಹಿಂದಿ ಕಾಮಿಕ್ಸುಗಳನ್ನು ಬಾಡಿಗೆಗೆ ಕೊಡುತ್ತಿದ್ದರು. ಹಗ್ಗಕ್ಕೆ ಬಟ್ಟೆ ಒಣಹಾಕಿದ ಹಾಗೆ ನೇತುಹಾಕಿರುತ್ತಿದ್ದರು. ನನ್ನ ದೇವರು ಪಹರೇದಾರ್ ಅನ್ನುವ ಕಾವಲು ವೀರ. ಬೂದಿ ಬಣ್ಣದ ನಿಲುವಂಗಿ, ಎದೆಯ ಮೇಲೆ ಕಂದೀಲಿನ ಗುರುತು, ಅರ್ಧ ಮುಖಕ್ಕೆ ಮುಖವಾಡ. ಅವನ ಅಪ್ಪ ಅಮ್ಮ ದುಷ್ಟರು ಹಚ್ಚಿದ ಬೆಂಕಿಯಲ್ಲಿ ಸತ್ತಿದ್ದರು. ಊರಿನ ಪಾಪವೆಲ್ಲ ತೊಳೆಯುವ ತನಕ ನಗುವುದಿಲ್ಲ ಅಂತ ಅವನ ಶಪಥ. ಅವನ ಜೊತೆ ಬಬ್ಬನ್ ಅಂತ ಒಬ್ಬ ಡುಮ್ಮ ಇದ್ದ. ಗಾಡಿ ನಡೆಸುವವನು, ಹಗ್ಗ ಹಿಡಿಯುವವನು, ಪುಟಪುಟಕ್ಕೂ ಏನಾದರೂ ತಮಾಷೆ ಮಾಡಿ ಪಹರೇದಾರನಿಂದ "ಚುಪ್" ಅನ್ನಿಸಿಕೊಳ್ಳುವವನು. ಸಂಜೆ ಅವ್ವ ರೊಟ್ಟಿ ಬಡಿಯುವಾಗ ನಾನು ಹಿಟ್ಟಿನ ಡಬ್ಬಿಗೆ ಒರಗಿ ಕೂತು ಕಾಮಿಕ್ಸನ್ನು ಕನ್ನಡಕ್ಕೆ ಮಾಡುತ್ತ ಓದುತ್ತಿದ್ದೆ. ನಮ್ಮ ಪಹರೇದಾರ್ ಅಪ್ಪಟ ಕಲಬುರಗಿ ಭಾಷೆಯಲ್ಲಿ ಗುಡುಗುತ್ತಿದ್ದ. ಚಿತ್ರ ಬಂದಾಗ ಅವ್ವ ಹಿಟ್ಟಿನ ಕೈಯನ್ನು ದೂರ ಹಿಡಿದು ಬಗ್ಗಿ ನೋಡುತ್ತಿದ್ದಳು. ಅವಳಿಗೆ ಹೊಡೆದಾಟದಲ್ಲಿ ಆಸಕ್ತಿಯಿಲ್ಲ. ಇಷ್ಟು ಎತ್ತರದಿಂದ ಹಾರುವವನ ನಿಲುವಂಗಿ ಯಾರು ಒಗೀತಾರ, ಅವನಿಗೆ ಊಟಕ್ಕ ಯಾರು ಹಾಕ್ತಾರ, ಇಂಥವೇ ಪ್ರಶ್ನೆಗಳು.

ಪ್ರತಿ ಕಾಮಿಕ್ಸಿನ ಕೊನೆಯ ಪುಟದಲ್ಲಿ ಆ ಗಂಭೀರ ಮನುಷ್ಯ ಒಂದೇ ಒಂದು ನಗೆಮಾತು ಹೇಳುತ್ತಿದ್ದ. ನಾನು ಅದಕ್ಕಾಗಿ ಕಾಯುತ್ತಿದ್ದೆ. ಇಡೀ ಪುಸ್ತಕ ಹಲ್ಲು ಕಚ್ಚಿಕೊಂಡಿದ್ದವನು, ಖಳನ ಕೈಗೆ ಬೇಡಿ ಬಿದ್ದ ಮೇಲೆ, ತುಟಿಯ ಒಂದೇ ಮೂಲೆಯನ್ನು ಎತ್ತಿ ಏನೋ ಅನ್ನುತ್ತಿದ್ದ. ಕಮಿಷನರ್ ನಗುತ್ತಿದ್ದ, ಪೊಲೀಸರು ನಗುತ್ತಿದ್ದರು, ನಾನೂ ನಗುತ್ತಿದ್ದೆ. ಒಂದು ಕಥೆಯಲ್ಲಿ ಖಳನದು ಬೆಟ್ಟದ ಮೇಲಿನ ಅರಮನೆ. ಹಗ್ಗ ಹಿಡಿದು ಹತ್ತುವಾಗ ಬಬ್ಬನ್ ಕೇಳುತ್ತಾನೆ, ಸಾಬ್, ಇಷ್ಟು ದೊಡ್ಡ ಮನೆಯ ಕಸ ಗುಡಿಸುವವರು ಯಾರು? ಪಹರೇದಾರ್ "ಚುಪ್" ಅನ್ನುತ್ತಾನೆ. ಕೊನೆಯ ಪುಟದಲ್ಲಿ ಅರಮನೆ ಕುಸಿದು ಬಿದ್ದಿದೆ, ಕಲ್ಲುಮಣ್ಣಿನ ಗುಡ್ಡೆಯ ಮೇಲೆ ಕಾಲಿಟ್ಟು ಪಹರೇದಾರ್ ಖಳನಿಗೆ ಹೇಳುತ್ತಾನೆ, ಇಷ್ಟು ದೊಡ್ಡ ಮನೆಯ ಕಸ ಈಗ ಯಾರು ಗುಡಿಸುತ್ತಾರೆ? ಎಲ್ಲರೂ ಹೋ ಅಂತ ನಗುತ್ತಾರೆ. ನಾನೂ ಓದಿ ನಕ್ಕೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಇದನ್ನ ಆಗಲೇ ಆ ಡುಮ್ಮ ಹೇಳಿದ್ನಲ್ಲ?"

ನಾನು ಪುಟ ಹಿಂದಕ್ಕೆ ತಿರುಗಿಸಿ ನೋಡಿದೆ. ಹೌದು, ಅದೇ ಮಾತು.

"ಅವನೂ ನಗಾಕತ್ಯಾನೇನು?"

"ಹೂಂ ಅವ್ವಾ. ಹೊಟ್ಟಿ ಹಿಡ್ಕೊಂಡು ನಗಾಕತ್ಯಾನ ನೋಡು."

"ನಗಬೇಕಲ್ಲ ಪಾಪ. ನಗಲಿಲ್ಲಂದ್ರ ಕೆಲಸದಿಂದ ತಗೀತಾರ."

ಆವತ್ತು ನನಗೆ ಅದು ಅವ್ವನ ಇನ್ನೊಂದು ತಮಾಷೆ. ಆಮೇಲೆ ಬೇರೆ ಬೇರೆ ಗಂಭೀರ ವೀರರನ್ನೂ ಓದಿದೆ. ಕಲ್ಲಿನ ಮೈಯವನು, ಬೇರೆ ನಕ್ಷತ್ರದಿಂದ ಬಂದವನು, ಸತ್ತು ಎದ್ದು ಬಂದವನು. ಹೆಸರು ಬೇರೆ, ಚಾಳಿ ಒಂದೇ. ಅವರು ನಗೆಮಾತು ಹೇಳುವುದು ಹೊಡೆದ ಮೇಲೆ, ಮೊದಲಲ್ಲ. ಕೇಳುವವನ ಕೈ ಕಟ್ಟಿರುತ್ತದೆ. ತಿರುಗಿ ಒಂದು ಮಾತು ಆಡುವವರು ಆ ಚಿತ್ರದ ಚೌಕದಲ್ಲಿ ಯಾರೂ ಇರುವುದಿಲ್ಲ. ದಿನವಿಡೀ ನಗಿಸುವವನಿಗೆ ಮುಖವಾಡವಿಲ್ಲ, ಹೆಸರಿನ ಪುಸ್ತಕವಿಲ್ಲ, ಅವನ ಮಾತಿಗೆ ಬೆಲೆಯೂ ಇಲ್ಲ. ನಗದಿರುವವನು ಒಮ್ಮೆ ನಗಿಸಿದರೆ ಮಾತ್ರ ಜನ ಅದನ್ನು ನೆನಪಿಟ್ಟುಕೊಳ್ಳುತ್ತಾರೆ. ಇದನ್ನೆಲ್ಲ ನಾನು ಕಲಿತದ್ದು ಕಾಮಿಕ್ಸಿನಿಂದ ಅಂದರೆ ಅರ್ಧ ಸುಳ್ಳಾಗುತ್ತದೆ. ಭಾನುವಾರದ ನಮ್ಮ ಮುಂದಿನ ಕೋಣೆಯಿಂದಲೂ ಕಲಿತೆ.

ಭಾನುವಾರ ಕಾರ್ಖಾನೆಯ ಕನ್ನಡದವರು ನಮ್ಮ ಮನೆಗೆ ಬರುತ್ತಿದ್ದರು. ಅಪ್ಪ ಕನ್ನಡ ಸಂಘದ ಕಾರ್ಯದರ್ಶಿ. ಅವರ ಆಪ್ತ ಸ್ನೇಹಿತ ಪಾಟೀಲ ಕಾಕಾ ಮಂಚದ ಮೇಲೆ, ಉಳಿದವರು ಚಾಪೆಯ ಮೇಲೆ. ಅವ್ವ ಅಡಿಗೆಮನೆಯ ಬಾಗಿಲ ಪರದೆಯ ಸಂದಿಯಿಂದ ಚಹಾದ ತಾಟು ದಾಟಿಸುವವಳು, ನಾನು ಹಿಡಿದು ಹಂಚುವವಳು. ಒಂದು ಭಾನುವಾರ ನೀರಿನ ಮಾತು ಬಂತು. ಅಪ್ಪ ಕಣ್ಣು ಮುಚ್ಚಿದರು, ತೆಗೆದರು. ಆಮೇಲೆ ಹಣೆಯ ವಿಭೂತಿ ಕೂಡ ಅಲ್ಲಾಡದ ಹಾಗೆ ಹೇಳಿದರು, ನಮ್ಮ ನಳಕ್ಕ ಅಳಿಯನ ಸ್ವಭಾವ ಐತಿ ನೋಡ್ರಿ. ಯಾವಾಗ ಬರ್ತೈತಿ ಹೇಳಂಗಿಲ್ಲ. ಅವ್ವ ಆಡಿದ್ದಕ್ಕಿಂತ ಒಂದಕ್ಷರ ಆಚೀಚೆಯಿಲ್ಲ. ಪಾಟೀಲ ಕಾಕಾ ಬಾಯೊಳಗಿನ ಚಹಾ ಅಂಗಿಯ ಮೇಲೆ ಉಗುಳಿಕೊಂಡರು. "ನೋಡ್ರಪಾ, ಮಾತs ಆಡಂಗಿಲ್ಲ ಈ ಮನುಷ್ಯ, ಆಡಿದ್ರ ಹಿಂಗ!" ಅಂತ ತೊಡೆ ಬಡಿದುಕೊಂಡರು. ಪರದೆಯ ಸಂದಿಯಲ್ಲಿ ಅವ್ವನ ಕೈ ತಾಟು ಹಿಡಿದುಕೊಂಡು ಹಾಗೇ ನಿಂತಿತ್ತು. ನಾನು ತೆಗೆದುಕೊಂಡೆ.

ಅವರೆಲ್ಲ ಹೋದ ಮೇಲೆ ಅವ್ವ ಪರದೆ ಸರಿಸಿ ಮುಂದಿನ ಕೋಣೆಗೆ ಬಂದಳು. ಅವಳು ಅಪ್ಪನೆದುರು ನಿಂತು ವಾದಿಸಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಅದು ನಾ ಆಡಿದ ಮಾತಾಗಿತ್ತರಿ."

"ಯಾವುದು?"

"ಅಳಿಯನ ಮಾತು. ನನ್ನ ಹೆಂಡತಿ ಹಿಂಗಂದ್ಲು ಅಂತ ಒಂದು ಮಾತು ಅಂದಿದ್ರ ಏನಾಗ್ತಿತ್ತು?"

ಅಪ್ಪ ಸಿಟ್ಟಾಗಲಿಲ್ಲ. ಫ್ಯಾನು ನಪಾಸು ಮಾಡುವಾಗಲೂ ಸಿಟ್ಟಾಗುತ್ತಿರಲಿಲ್ಲವಂತೆ.

"ಮಾತಿನ ಮ್ಯಾಲೆ ಯಾರರ ಹೆಸರು ಬರದಿರತೈತೇನು? ನೀ ಆಡಿದ್ರ ಅದು ನಳದ ಕಟ್ಟಿ ಮ್ಯಾಲಿನ ಹರಟಿ. ನಾ ಆಡಿದ್ರ ನಾಕು ಮಂದಿ ಕೇಳ್ತಾರ. ಹೋಗು, ಕಪ್ಪು ತೊಳಿ."

ಅಲ್ಲಿಂದ ಅದು ರೂಢಿಯಾಯಿತು. ವಾರವಿಡೀ ಅವ್ವ ಅಡಿಗೆಮನೆಯಲ್ಲಿ ಆಡಿದ್ದು ಭಾನುವಾರ ಅಪ್ಪನ ಬಾಯಲ್ಲಿ ಬರುತ್ತಿತ್ತು. ಸಕ್ಕರೆಯ ಡಬ್ಬಿ ಬಂತು, ರೊಟ್ಟಿ ಬಂತು. ಮಂಚದ ಮೇಲೆ ಅಪ್ಪ ನಿದ್ದೆ ಮಾಡುತ್ತಿರಲಿಲ್ಲ ಅನ್ನುವುದು ನನಗೆ ಗೊತ್ತಾಯಿತು. ಫ್ಯಾನಿನ ಸದ್ದು ಕೇಳುವ ಹಾಗೆ ಕಣ್ಣು ಮುಚ್ಚಿ ಅವ್ವನನ್ನು ಕೇಳುತ್ತಿದ್ದರು, ಪಾಸಾದದ್ದನ್ನು ಇಟ್ಟುಕೊಳ್ಳುತ್ತಿದ್ದರು. ಅವ್ವನಿಗೂ ಗೊತ್ತಿತ್ತು. ಆದರೂ ಅವಳು ಬಾಯಿ ಮುಚ್ಚಲಿಲ್ಲ. ದನಿ ತಗ್ಗಿಸುತ್ತಿದ್ದಳು, ಅಷ್ಟೇ. ತಗ್ಗಿಸಿದರೂ ಅವಳ ಮಾತು ಜಾಲಿ ದಾಟುತ್ತಿತ್ತು. ನಗಿಸುವ ಚಟ ಇದ್ದವರಿಗೆ ಎದುರಿಗೆ ಒಂದು ಮುಖ ಇದ್ದರೆ ಸಾಕು, ನನ್ನ ಮುಖ ಇತ್ತು.

ಕಮಲಕ್ಕ ಅಂತ ನಮ್ಮ ಸಾಲಿನಲ್ಲೇ ಇದ್ದರು, ಧಾರವಾಡದ ಕಡೆಯವರು, ಸಂಘದ ಮಹಿಳಾ ವಿಭಾಗ ನೋಡಿಕೊಳ್ಳುವವರು. ನಳದ ಕಟ್ಟೆಯ ಮೇಲೆ ಅವ್ವನ ಮಾತು ಕೇಳಿ ಕೇಳಿ ಅವರಿಗೆ ಒಂದು ಯೋಚನೆ ಬಂತು. ಆ ವರ್ಷದ ರಾಜ್ಯೋತ್ಸವಕ್ಕೆ ಹಾಡು, ಕೋಲಾಟದ ಜೊತೆಗೆ ಅವ್ವನದು ಒಂದು ನಗೆಮಾತಿನ ಕಾರ್ಯಕ್ರಮ ಇರಲಿ ಅಂತ. ಅವ್ವ ಮೊದಲು ನಕ್ಕುಬಿಟ್ಟಳು. ಆಮೇಲೆ ಹೆದರಿದಳು. ಕಮಲಕ್ಕ ಬಿಡಲಿಲ್ಲ, ನೇರ ಬಂದು ಅಪ್ಪನನ್ನೇ ಕೇಳಿದರು.

"ಮಾಡ್ಲಿ. ನಂದೇನೂ ತಕರಾರಿಲ್ಲ" ಅಂದರು ಅಪ್ಪ.

ಅವ್ವ ಆ ಮಾತನ್ನು ನಂಬಿದಳು. ನಾನೂ ನಂಬಿದೆ. ಆ ಹಬ್ಬದ ಮುಂಚಿನ ದಿನಗಳಷ್ಟು ಖುಷಿಯಾಗಿ ಅವಳು ಯಾವತ್ತೂ ಇರಲಿಲ್ಲ. ರೊಟ್ಟಿ ಬಡಿಯುತ್ತಲೇ ಅಭ್ಯಾಸ. ಮೊದಲು ನಳ, ಆಮೇಲೆ ಸಕ್ಕರೆ, ಆಮೇಲೆ ರೊಟ್ಟಿ, ಕೊನೆಗೆ ಫ್ಯಾನು. ಎಲ್ಲಿ ನಿಲ್ಲಿಸಬೇಕು, ಎಲ್ಲಿ ಮುಖ ಬಿಗಿಹಿಡಿಯಬೇಕು ಅಂತ ನನ್ನನ್ನು ಕೇಳುತ್ತಿದ್ದಳು. ನಾನು ಕಾಮಿಕ್ಸು ಓದಿ ಪಂಡಿತಳಾಗಿದ್ದೆನಲ್ಲ, ನಗಬ್ಯಾಡ ಅವ್ವಾ, ಹೇಳುವಾಗ ನೀ ನಗಬ್ಯಾಡ, ಪಹರೇದಾರನ ಹಂಗ ಮಾರಿ ಮಾಡ್ಕೋ ಅಂತ ಹೇಳಿಕೊಟ್ಟೆ. ಅವಳು ಹುಬ್ಬು ಗಂಟಿಕ್ಕಿ ಹೇಳಲು ನೋಡುವಳು, ಅರ್ಧಕ್ಕೆ ಪಕ್ಕನೆ ನಗುವಳು. "ಮೊದಲೇ ಕೇಳಿದವರು ಇದ್ದಾರಲ್ಲ ಅವ್ವಾ, ಭಾನುವಾರ ಬರೋರು" ಅಂತ ನಾನಂದರೆ, "ಅವರು ನಾಕು ಮಂದಿ, ಹಾಲ್ ತುಂಬ ಮಂದಿ ಇರ್ತಾರ, ಇರಲಿ ಬಿಡು, ಒಂದು ಸಲನರ ನನ್ನ ಬಾಯಿಂದ ಕೇಳ್ಲಿ" ಅಂದಳು. ಆ ಮಾತಿನಲ್ಲಿ ತಮಾಷೆ ಇರಲಿಲ್ಲ.

ಕಾರ್ಯಕ್ರಮ ಸಂಜೆಗೆ, ಕಾರ್ಖಾನೆಯ ಸಭಾಂಗಣದಲ್ಲಿ. ನಮ್ಮ ಸಂಘದಲ್ಲಿ ಒಂದು ಪದ್ಧತಿ ಇತ್ತು. ಗಂಡಸರು ವೇದಿಕೆ ನೋಡಿಕೊಳ್ಳಬೇಕು, ಹೆಂಗಸರು ಹಿಂದಿನ ಶೆಡ್ಡಿನಲ್ಲಿ ಶಿರಾ, ಮಿರ್ಚಿ ಭಜಿ ಮಾಡಬೇಕು. ವೇದಿಕೆಯ ಮೇಲೆ ಕಾರ್ಯಕ್ರಮವಿದ್ದ ಹೆಂಗಸೂ ಅಲ್ಲೇ ಇದ್ದು, ಹೆಸರು ಕರೆದಾಗ ಕೈ ತೊಳೆದುಕೊಂಡು ಓಡಿ ಬರಬೇಕು. ಅವ್ವ ರೇಷ್ಮೆ ಸೀರೆಯ ಮೇಲೆ ಹಳೆಯ ಟವೆಲ್ ಸುತ್ತಿಕೊಂಡು ಎಣ್ಣೆಯ ಬಾಣಲೆಯ ಮುಂದೆ ನಿಂತಿದ್ದಳು. ಅಲ್ಲಿಗೆ ಮೈಕಿನ ಗೌಜು ಕೇಳುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ನಾನು ಸಭೆಯ ಮುಂದಿನ ಜಮಖಾನೆಯ ಮೇಲೆ ಕೂತಿದ್ದೆ. ನಿರೂಪಣೆ ಅಪ್ಪನದು. ಹಾಡು ಮುಗಿಯಿತು, ಕೋಲಾಟ ಮುಗಿಯಿತು. ಅಪ್ಪ ಮೈಕಿನ ಮುಂದೆ ಬಂದು, ಮುಂದಿನ ಕಾರ್ಯಕ್ರಮಕ್ಕೆ ಮೊದಲು ನಂದೂ ಎರಡು ಮಾತು ಅಂದರು. ಕಣ್ಣು ಮುಚ್ಚಿದರು, ತೆಗೆದರು. ನಳ ಹೇಳಿದರು. ಸಕ್ಕರೆ ಹೇಳಿದರು. ರೊಟ್ಟಿ ಹೇಳಿದರು. ಫ್ಯಾನನ್ನು ಕೊನೆಗೆ ಹೇಳಿದರು. ಅವ್ವ ಅಭ್ಯಾಸ ಮಾಡಿದ ಅದೇ ಸಾಲಿನಲ್ಲಿ, ಅವಳು ನಿಲ್ಲಿಸುತ್ತಿದ್ದಲ್ಲೇ ನಿಲ್ಲಿಸಿ. ಅವಳಿಗೆ ಬಾರದ ಆ ಬಿಗಿದ ಮುಖ ಅವರಿಗೆ ಹುಟ್ಟಿನಿಂದ ಬಂದಿತ್ತು. ಸಭೆ ಬಿದ್ದು ಬಿದ್ದು ನಕ್ಕಿತು. ಕಾರ್ಖಾನೆಯ ದೊಡ್ಡ ಸಾಹೇಬರು ಕನ್ನಡದವರಲ್ಲ, ಪಕ್ಕದವರಿಂದ ಅರ್ಥ ಕೇಳಿಕೊಂಡು ಅವರೂ ನಕ್ಕರು. ಆಮೇಲೆ ಅಪ್ಪ ಅವ್ವನ ಹೆಸರು ಕರೆದರು, ಒಬ್ಬ ಹುಡುಗ ಶೆಡ್ಡಿಗೆ ಓಡಿ ತಿಳಿಸಿದ.

ಅವ್ವ ಓಡಿ ಬಂದಳು. ಹಣೆಯ ಮೇಲೆ ಬೆವರು, ಟವೆಲ್ ತೆಗೆಯುವುದನ್ನು ಮರೆತಿದ್ದಳು. ಮೈಕಿಗೆ ಕೈಮುಗಿದು ಸುರು ಮಾಡಿದಳು, ನಮ್ಮ ನಳಕ್ಕ ಅಳಿಯನ ಸ್ವಭಾವ ಐತಿ ನೋಡ್ರಿ. ಹಿಂದಿನಿಂದ ಯಾರೋ ಕೂಗಿದರು, "ಯಜಮಾನರದ್ದs ಕಾಪಿ ಹೊಡದ್ರೇನ್ರಿ ಅಕ್ಕಾರ!" ಸಭೆಗೆ ಸಭೆಯೇ ನಕ್ಕಿತು. ಅಪ್ಪನ ಮಾತಿಗೆ ನಕ್ಕದ್ದಕ್ಕಿಂತ ಜೋರಾಗಿ. ಆ ಗದ್ದಲದಲ್ಲಿ ಅವ್ವನಿಗೆ ಆ ಕೂಗು ತಿಳಿಯಲಿಲ್ಲ. ಅವಳು ನಗುವನ್ನಷ್ಟೇ ಕೇಳಿದಳು. ಅವಳ ಮುಖ ಅರಳಿತು. ಜನ ತನ್ನ ಮಾತಿಗೆ ನಗುತ್ತಿದ್ದಾರೆ ಅಂದುಕೊಂಡು ಸಕ್ಕರೆಯ ಡಬ್ಬಿ ಹೇಳಿದಳು. ಜನ ಕಣ್ಣೀರು ಒರೆಸಿಕೊಂಡು ನಕ್ಕರು. ಇನ್ನೂ ಧೈರ್ಯ ಬಂದು, ದನಿ ಏರಿಸಿ ರೊಟ್ಟಿ ಹೇಳಿದಳು. ನಡುವೆ ಒಮ್ಮೆ ನನ್ನ ಕಡೆ ನೋಡಿದಳು, ನೋಡಿದೇನು, ನಗದs ಹೇಳಾಕತ್ತೀನಿ ಅನ್ನುವ ಹಾಗೆ. ಫ್ಯಾನಿಗೆ ಬರುವಷ್ಟರಲ್ಲಿ ಕಮಲಕ್ಕ ವೇದಿಕೆ ಹತ್ತಿ ಅವಳ ಕಿವಿಯಲ್ಲಿ ಏನೋ ಹೇಳಿದರು. ಅವ್ವ ಅಪ್ಪನ ಕಡೆ ತಿರುಗಿ ನೋಡಿದಳು. ಸಭೆಗೆ ಕೈಮುಗಿದಳು. ಮೆಟ್ಟಿಲಿಳಿದು ನೇರ ಭಜಿಯ ಬಾಣಲೆಗೆ ಹೋದಳು. ಅಪ್ಪ ಮೈಕನ್ನು ತಮ್ಮ ಎತ್ತರಕ್ಕೆ ಸರಿಮಾಡಿಕೊಂಡರು.

"ಮನ್ಯಾಗ ನನ್ನ ಮಾತು ಕೇಳಂಗಿಲ್ಲ ಇಕಿ ಅಂದ್ಕೊಂಡಿದ್ದೆ. ನೋಡ್ರಿ, ಎಷ್ಟು ಬಾಯಿಪಾಠ ಮಾಡ್ಯಾಳ!"

ಹಾಗಂದು ತುಟಿಯ ಒಂದು ಮೂಲೆಯನ್ನು ಎತ್ತಿದರು. ಅಪ್ಪ ಸ್ವಂತವಾಗಿ ಕಟ್ಟಿ ಹೇಳಿದ ನಗೆಮಾತು ನನಗೆ ಗೊತ್ತಿರುವ ಮಟ್ಟಿಗೆ ಅದೊಂದೇ. ಚೆನ್ನಾಗಿತ್ತು, ಇಲ್ಲ ಅನ್ನುವುದಿಲ್ಲ. ಚಪ್ಪಾಳೆ ನಿಲ್ಲಲು ಬಹಳ ಹೊತ್ತು ಹಿಡಿಯಿತು.

ಅಪ್ಪ ಯಾಕೆ ಹಾಗೆ ಮಾಡಿದರು ಅಂತ ಬಹಳ ವರ್ಷ ಯೋಚಿಸಿದ್ದೇನೆ. ಅವರು ಕುಡಿಯುತ್ತಿರಲಿಲ್ಲ, ಕೈ ಎತ್ತುತ್ತಿರಲಿಲ್ಲ, ಸಂಬಳ ತಂದು ಅವ್ವನ ಕೈಯಲ್ಲೇ ಇಡುತ್ತಿದ್ದರು. ಅಂಥ ಗಂಡನ ಬಗ್ಗೆ ದೂರಿದರೆ ಕೇಳುವವರು ಯಾರು? ಅವರಿಗೆ ಹೆದರಿಕೆಯಿತ್ತು ಅಂತ ಈಗ ಅನ್ನಿಸುತ್ತದೆ. ಒಂದು ಸಲ ಹಾಲ್ ತುಂಬ ಜನ ಅವ್ವನ ಬಾಯಿಂದ ಕೇಳಿಬಿಟ್ಟರೆ, ಭಾನುವಾರದ್ದೆಲ್ಲ ಎಲ್ಲಿಂದ ಬರುತ್ತಿತ್ತು ಅಂತ ಪಾಟೀಲ ಕಾಕಾನಿಗೂ ತಿಳಿದುಹೋಗುತ್ತಿತ್ತು. ಹೆದರಿಕೆ ಅಂತ ತಿಳಿದ ಮಾತ್ರಕ್ಕೆ ನನಗೆ ಕನಿಕರ ಬಂದಿಲ್ಲ. ಬರುವುದೂ ಇಲ್ಲ.

ಅವ್ವ ಅಳಲಿಲ್ಲ, ಜಗಳ ತೆಗೆಯಲಿಲ್ಲ. ಮಾತಿನಲ್ಲಿ ತಿರುವು ಹಾಕುವುದನ್ನು ಬಿಟ್ಟಳು. ಉಪ್ಪು ಆಗೇತಿ, ನೀರು ಬಂದಾವು, ಹಾಸಿಗಿ ಹಾಸು, ಅಷ್ಟೇ. ನಾನು ಬಾಡಿಗೆಗೆ ಹೊಸ ಪಹರೇದಾರ್ ತಂದೆ. ಬೇಕಂತಲೇ ತಪ್ಪು ತಪ್ಪು ಓದಿದೆ, ಬಬ್ಬನ್‌ಗೆ ಮೂಗಿನಲ್ಲಿ ಮಾತಾಡಿಸಿದೆ, ಆ ನಿಲುವಂಗಿ ಯಾರು ಒಗೀತಾರ ಅವ್ವಾ ಅಂತ ಅವಳ ಪ್ರಶ್ನೆಯನ್ನೇ ಅವಳಿಗೆ ಕೇಳಿದೆ. "ಯಾರರ ಒಗೀತಾರ" ಅಂದಳು. ಆ ಕಾಮಿಕ್ಸನ್ನು ಅರ್ಧಕ್ಕೇ ಮುಚ್ಚಿ ಅಂಗಡಿಗೆ ಕೊಟ್ಟು ಬಂದೆ, ಮತ್ತೆ ತರಲಿಲ್ಲ. ಭಾನುವಾರ ಅಪ್ಪ ಹಳೆಯವನ್ನೇ ಹೇಳಿದರು. ಮುಂದಿನ ಭಾನುವಾರವೂ ಹೇಳಿದರು. ಹೊಸದು ಹೇಳ್ರಲ್ಲ ಅಂತ ಪಾಟೀಲ ಕಾಕಾ ಅಂದಾಗ ಅಪ್ಪ ಕಣ್ಣು ಮುಚ್ಚಿದರು, ತೆಗೆದರು, ಚಹಾ ಕುಡಿದರು. ಗೋಡೆಯಾಚೆ ಅವರ ಮಂಚ ದಿನವೂ ಕಿರ್ ಕಿರ್ ಅನ್ನುತ್ತಿತ್ತು, ಕೇಳಲು ಏನೂ ಸಿಗದೆ. ಒಂದು ಸಂಜೆ ಅವರು ಅಡಿಗೆಮನೆಯ ಬಾಗಿಲಿಗೇ ಬಂದು ನಿಂತರು. ಬಚ್ಚಲಿಗೆ ಹೋಗುವಾಗ ಬಿಟ್ಟರೆ ಅಲ್ಲಿ ಅವರನ್ನು ನೋಡಿದ್ದು ನೆನಪಿಲ್ಲ ನನಗೆ, ಎದ್ದು ನಿಂತೆ.

"ಏನು, ಈಗೀಗ ಮಾತs ಇಲ್ಲಲ್ಲ?" ಅಂದರು.

"ಹಿಟ್ಟು ನಾದಾಕತ್ತೀನಿ" ಅಂದಳು ಅವ್ವ, ತಲೆಯೆತ್ತದೆ.

ಅಂಥ ಮನೆಯಲ್ಲಿ ಬೆಳೆದ ನಾನು ಎಂಥವಳಾದೆ ಅಂದರೆ, ಯಾರನ್ನೂ ನಗಿಸಲಾರದವಳಾದೆ. ನಾಚಾರಂನ ಒಂದು ಕಾರ್ಖಾನೆಯ ಆಫೀಸಿನಲ್ಲಿ ನಿವೃತ್ತಿಯ ತನಕ ಕೆಲಸ ಮಾಡಿದೆ. ಊಟದ ಹೊತ್ತಿನಲ್ಲಿ ಯಾವುದಾದರೂ ತಮಾಷೆಯ ಮಾತು ನೆನಪಾದರೆ ಮೊದಲು, ಇದು ಲಕ್ಷ್ಮಿ ಹೇಳಿದ್ದು, ಇದು ಕ್ಯಾಂಟೀನಿನ ರಜಿಯಾ ಹೇಳಿದ್ದು ಅಂತ ವಾರಸುದಾರರ ಹೆಸರು ಹೇಳುತ್ತಿದ್ದೆ. ಅಷ್ಟರಲ್ಲಿ ಮಾತಿನ ಬಿಸಿ ಆರಿಹೋಗುತ್ತಿತ್ತು. ಯಾರೋ ಆಡಿದ್ದನ್ನು ದೊಡ್ಡ ಸಾಹೇಬರು ತಮ್ಮದೆಂದು ಮೀಟಿಂಗಿನಲ್ಲಿ ಹೇಳಿದರೆ, ಸರ್, ಅದು ಅವರ ಮಾತು ಅಂತ ಎದ್ದು ನಿಂತುಬಿಡುತ್ತಿದ್ದೆ. ನನ್ನ ಬಗ್ಗೆ ಅವರೆಲ್ಲ ಏನು ಅಂದುಕೊಳ್ಳುತ್ತಿದ್ದರು ಅಂತ ಗೊತ್ತಿತ್ತು. ಗಂಭೀರ ಮುಖದ ಗಂಡಸು ಮೆಲ್ಲಗೆ ಒಂದು ನಗೆಮಾತು ಹೇಳಿದಾಗ ಸುತ್ತಲಿನವರೆಲ್ಲ ಕರಗುವುದನ್ನು ನೋಡಿದರೆ, ಈಗಲೂ ನನ್ನ ಕಣ್ಣು ಆ ಮಾತು ಆಡಿದವನ ಮೇಲೆ ನಿಲ್ಲುವುದಿಲ್ಲ. ಅವನ ಹೆಂಡತಿ ಎಲ್ಲಿದ್ದಾಳೆ ಅಂತ ಹುಡುಕುತ್ತೇನೆ.

ಅಪ್ಪ ತೀರಿಕೊಂಡದ್ದು ಕೂಕಟ್‌ಪಲ್ಲಿಯ ನನ್ನ ಫ್ಲ್ಯಾಟಿನಲ್ಲಿ. ಅಪ್ಪ ಅವ್ವ ಇಬ್ಬರೂ ಬಹಳ ವರ್ಷದಿಂದ ನನ್ನ ಜೊತೆಗೇ ಇದ್ದರು. ಕೊನೆಗಾಲದಲ್ಲಿ ಅವ್ವ ಅವರಿಗೆ ಉಣ್ಣಿಸಿದಳು, ಒರೆಸಿದಳು, ಅದರಲ್ಲಿ ಒಂದು ಕೊರತೆ ಮಾಡಲಿಲ್ಲ. ಕಾರ್ಯವೆಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ಪಾಟೀಲ ಕಾಕಾ, ಕಾರ್ಖಾನೆಯ ಹಳೆಯ ಸ್ನೇಹಿತರು, ಅವರ ಮನೆಯವರು ಮಾತಾಡಿಸಲು ಬಂದರು. ಎಲ್ಲರಿಗೂ ಮಂಡಿನೋವು, ಕುರ್ಚಿ ಸಾಲಲಿಲ್ಲ. ಸ್ವಲ್ಪ ಹೊತ್ತು ಅತ್ತಾದ ಮೇಲೆ ನೆನಪುಗಳು ಬಂದವು.

"ಎಂಥಾ ಗಂಭೀರ ಮನುಷ್ಯ! ಆದ್ರ ಒಂದು ಮಾತು ಅಂದ್ರ ಮುಗೀತು. ಆ ನಳದ ಮಾತು ನೆನಪೈತೇನ್ರಿ?" ಅಂದರು ಪಾಟೀಲ ಕಾಕಾ.

ಒಬ್ಬರು ನಳ ಹೇಳಿದರು, ಇನ್ನೊಬ್ಬರು ಫ್ಯಾನು ಹೇಳಿದರು. ಸಾವಿನ ಮನೆ ಅನ್ನುವುದನ್ನು ಮರೆತು ಎಲ್ಲರೂ ನಕ್ಕರು. ನಾನು ತಡೆಯಲಾರದೆ ಅಂದೆ:

"ಕಾಕಾ, ಅವೆಲ್ಲ ಅವ್ವನ ಮಾತು. ಅಪ್ಪ ಅಡಿಗೆಮನಿಯಿಂದ ಕೇಳಿಸ್ಕೊಂಡು ಹೇಳ್ತಿದ್ರು."

ಪಾಟೀಲ ಕಾಕಾ ನನ್ನನ್ನು ಕನಿಕರದಿಂದ ನೋಡಿದರು, ದುಃಖದಲ್ಲಿ ಏನೋ ಆಡುತ್ತಿದ್ದೇನೆ ಅನ್ನುವ ಹಾಗೆ.

"ಇರಲಿ ಬಿಡವಾ ತಂಗಿ. ಗಂಡ ಹೆಂಡ್ತಿ ಅಂದಮ್ಯಾಲೆ ಅದರಾಗ ನಂದು ನಿಂದು ಅಂತಿರತೈತೇನು?"

ಅವ್ವ ಮೂಲೆಯ ಕುರ್ಚಿಯಲ್ಲಿ ಕೂತಿದ್ದಳು. ಅವರೆಲ್ಲ ಬರ್ತೀವವಾ ಅಂತ ಎದ್ದರು. ಎದ್ದವರು ಬಾಗಿಲಲ್ಲಿ ನಿಂತರು. ಲಿಫ್ಟಿನ ಮಾತು ಬಂತು, ಮೆಟ್ರೋ ಮಾತು ಬಂತು, ಯಾರದೋ ಮೊಮ್ಮಗಳ ಮದುವೆಯ ಮಾತು ಬಂತು. ಒಳಗೆ ಕೂತದ್ದಕ್ಕಿಂತ ಹೆಚ್ಚು ಹೊತ್ತು ಬಾಗಿಲಲ್ಲಿ ನಿಂತು, ಅಂತೂ ಹೋದರು. ನಾನು ಬಾಗಿಲು ಹಾಕಿದೆ. ಇಂಥದ್ದಕ್ಕೆ ಅವ್ವ ಹಿಂದೆ ಒಂದು ಮಾತು ಅನ್ನುತ್ತಿದ್ದಳು. ಶೇಂಗಾ ಸುಲಿಯುತ್ತ ಮೊದಲ ಸಲ ಅದನ್ನು ಅಂದಾಗ ಅವಳ ಎದುರು ಕೂತಿದ್ದವಳು ನಾನೊಬ್ಬಳೇ. ಅವಳ ದನಿಯನ್ನೇ ತಂದುಕೊಂಡು ಹೇಳಿದೆ:

"ಒಳಗ ಅರ್ಧ ತಾಸು ಕೂಡ್ತಾರ, ಬಾಗಿಲದಾಗ ಒಂದು ತಾಸು ನಿಂದರ್ತಾರ. ಮುಂದಿನ ಸಲ ಕುರ್ಚಿ ಬಾಗಿಲದಾಗs ಹಾಕೋಣು ಅವ್ವಾ."

ಅವ್ವ ನಕ್ಕಳು. ಎಷ್ಟೋ ವರ್ಷದ ಮೇಲೆ, ಮೈ ಕುಲುಕುವ ಹಾಗೆ, ಸೆರಗಿನಿಂದ ಕಣ್ಣು ಒತ್ತಿಕೊಳ್ಳುತ್ತ ನಕ್ಕಳು.

"ಎಷ್ಟು ಛಂದ ಹೇಳ್ತಿದ್ರು ನೋಡು ನಿಮ್ಮಪ್ಪ ಅದನ್ನ" ಅಂದಳು.

"ಅವ್ವಾ, ಅದು ನಿಂದು. ನೀನs ಅಂದಿದ್ದಿ. ನನಗ ನೆನಪೈತಿ."

ಅವಳು ನನ್ನನ್ನು ನೋಡಿದಳು. ಸುಳ್ಳು ಹೇಳುವವರ, ಮುಚ್ಚಿಡುವವರ ಮುಖವಲ್ಲ ಅದು.

"ನಂದೆಲ್ಲಿದು? ನನಗೆಲ್ಲಿ ಬರತೈತಿ ಹಂಗ ಮಾತಾಡಾಕ?" ಅಂದಳು, ಖಾಲಿ ಕಪ್ಪುಗಳನ್ನು ತಾಟಿಗೆ ಜೋಡಿಸುತ್ತ.